ಕಾವಲಿಗೆ ಬೇಕಾದ ಬಿಡುವು

(ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಸುತ್ತಲಿನ ಹಟ್ಟಿಗಳಿಂದ ಬಂದಿದ್ದ ಕುರಿಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮೊದಲು ನಿಮ್ಮ ಕಾಲೇಜಿನವರು ನನ್ನ ಕೈಗೆ ಒಂದು ಹೊಂಗೆ ಸಸಿ ಕೊಟ್ಟು ಗೇಟಿನ ಪಕ್ಕದ ಗುಂಡಿಯಲ್ಲಿ ನೆಡಿಸಿದರು. ಮಣ್ಣೆಳೆದೆ, ಚೊಂಬಿನಿಂದ ನೀರು ಹಾಕಿದೆ, ಫೋಟೊ ಆಯಿತು. ಹುಲ್ಲಿನ ಬಗ್ಗೆ ಮಾತಾಡಲು ಬಂದವನಿಂದ ಮರ ನೆಡಿಸಿದ್ದೀರಿ. ನಗಬೇಡಿ, ದೂರಲ್ಲ ಇದು. ನಾನು ಈವತ್ತು ಹೇಳಬೇಕಾದದ್ದು ಮುಕ್ಕಾಲು ಪಾಲು ಆ ಐದು ನಿಮಿಷದಲ್ಲೇ ಇತ್ತು.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಮಂಗೋಲಿಯಾ ಮುಂದಿಟ್ಟ ಪ್ರಸ್ತಾಪ ಅದು. ಆ ದೇಶದಲ್ಲಿ ಹುಲ್ಲು ಅಂದರೆ ದೇಶವೇ, ಹಾಗಾಗಿ ಅವರು ಕೇಳಿದ್ದು ಸಹಜ. ನಮ್ಮಲ್ಲಿ ಹುಲ್ಲು ಅಂದರೆ ಏನು? ಕೆಲಸಕ್ಕೆ ಬಾರದ್ದಕ್ಕೆ ‘ಹುಲ್ಲುಕಡ್ಡಿಗೆ ಸಮ’ ಅನ್ನುವ ಭಾಷೆ ನಮ್ಮದು. ಅದೇ ಭಾಷೆಯಲ್ಲಿ ಗಣಪತಿಗೆ ಗರಿಕೆ ಇಲ್ಲದೆ ಪೂಜೆ ಇಲ್ಲ. ಎರಡನ್ನೂ ನಾವೇ ಹೇಳುತ್ತೇವೆ.

ಮೊದಲು ನನ್ನ ತಪ್ಪೊಪ್ಪಿಗೆ ಆಗಿಬಿಡಲಿ. ಎಂಬತ್ತರ ದಶಕ, ನಾನು ಹೈಸ್ಕೂಲಿನಲ್ಲಿದ್ದೆ. ಊರೂರಿನ ಸಾರ್ವಜನಿಕ ಜಾಗದಲ್ಲಿ ಸರ್ಕಾರ ಮರ ನೆಡಿಸುತ್ತಿದ್ದ ಸಾಮಾಜಿಕ ಅರಣ್ಯದ ಕಾಲ. ಒಂದು ಶನಿವಾರ ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ಊರ ಗೋಮಾಳಕ್ಕೆ ಕರೆದುಕೊಂಡು ಹೋದರು. ಗುಂಡಿ ಆಗಲೇ ತೋಡಿಟ್ಟಿದ್ದರು. ತಲೆಗೆ ಹತ್ತು ನೀಲಗಿರಿ ಸಸಿ. ನೆಟ್ಟು ಮುಗಿಸಿ ಚಿತ್ರಾನ್ನ ತಿನ್ನುತ್ತಾ ಕೂತಿದ್ದಾಗ ಕುರಿ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಮಕ್ಳಾ, ಇದ್ನ ಯಾವ್ ದನ ತಿಂತೈತಪ್ಪಾ?” ನಾವು ಗೊಳ್ಳೆಂದು ನಕ್ಕೆವು. ಮರವನ್ನು ದನ ತಿನ್ನುತ್ತದೆಯೇ! ಆ ಪ್ರಶ್ನೆ ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು. ಅಜ್ಜ ಬದುಕಿದ್ದಾಗಲೇ ಅರ್ಥವಾಗಿದ್ದರೆ ಹೋಗಿ ಮಾತಾಡಿಸಬಹುದಿತ್ತು.

ನಾವು ಯಾಕೆ ನಕ್ಕೆವು? ಆ ಜಾಗ ಖಾಲಿ ಇದೆ ಎಂದು ನಮಗೆ ಮೊದಲೇ ಹೇಳಿಕೊಟ್ಟಿದ್ದರು. ಪಹಣಿ ನೋಡಿ, ಕಂದಾಯದ ಕಡತ ನೋಡಿ: ಬೀಳು, ಬಂಜರು, ಖರಾಬು. ಖರಾಬು ಅಂದರೇನೇ ಕೆಟ್ಟದ್ದು. ಬ್ರಿಟಿಷರ ಲೆಕ್ಕದಲ್ಲಿ ಉಳುಮೆ ಇಲ್ಲದ, ಕಂದಾಯ ಹುಟ್ಟದ ನೆಲ ‘ವೇಸ್ಟ್ ಲ್ಯಾಂಡ್’. ಅದು ಖಜಾನೆಯ ಭಾಷೆ. ಆ ನೆಲದಲ್ಲಿ ಏನು ಬೆಳೆಯುತ್ತದೆ, ಯಾರು ಮೇಯಿಸುತ್ತಾರೆ ಅನ್ನುವುದು ಅದಕ್ಕೆ ಬೇಕಿರಲಿಲ್ಲ. ಅವರು ಹೋದರು, ಪದ ಉಳಿಯಿತು. ಈಗಲೂ ಉಪಗ್ರಹದ ಚಿತ್ರ ಇಟ್ಟುಕೊಂಡು ದೇಶದ ಪಾಳುಭೂಮಿಗಳ ನಕ್ಷೆ ಮಾಡುತ್ತಾರೆ. ಹುಲ್ಲು, ಕುರುಚಲು ಇರುವ ಎಷ್ಟೋ ಬಯಲು ಅದರೊಳಗೆ ಸೇರಿಬಿಡುತ್ತದೆ. ಪಾಳು ಅಂತ ಒಮ್ಮೆ ಬರೆದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ. ಮರ ನೆಟ್ಟರೂ ಉದ್ಧಾರ, ಕಾರ್ಖಾನೆ ಕಟ್ಟಿದರೂ ಉದ್ಧಾರ.

ಆದರೆ ನಮ್ಮ ಹತ್ತಿರ ಇನ್ನೊಂದು ಪದವೂ ಇತ್ತು. ಕಾವಲು. ಕಾಯುವ ಕೆಲಸಕ್ಕೂ ಅದೇ ಮಾತು, ಕಾಯಬೇಕಾದ ನೆಲಕ್ಕೂ ಅದೇ ಮಾತು. ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ ಕಡೆಯವರಿಗೆ ಅಮೃತಮಹಲ್ ಎಂಬ ದನದ ತಳಿಗೆ ಮೀಸಲಿಟ್ಟ ಕಾವಲುಗಳು ಗೊತ್ತು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ಈ ದನದ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ‘ಅಮೃತಮಹಲ್’ ಎಂದು ಹೆಸರು ಬದಲಿಸಿದವನು ಟಿಪ್ಪು. ಹೆಸರಿನಲ್ಲಿ ಬೆಣ್ಣೆ, ಅಮೃತ ಎಲ್ಲ ಇದ್ದರೂ ಆ ತಳಿಯ ಹೆಚ್ಚುಗಾರಿಕೆ ಹಾಲಿನಲ್ಲಿರಲಿಲ್ಲ, ಎತ್ತಿನ ಓಟದಲ್ಲಿತ್ತು. ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳು ಅವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ದನಗಳನ್ನು ಸುಮ್ಮನೆ ಬಿಡಲಿಲ್ಲ.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಎತ್ತಲ್ಲ, ಹುಲ್ಲಿನ ಲೆಕ್ಕ. ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂದು ವಿಂಗಡಿಸಿದ್ದರು. ಕೆರೆಯಂಗಳ, ಮರದ ನೆರಳು ಇರುವಂಥವು ಬೇಸಿಗೆಗೆ ಮೀಸಲು. ದನ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಹಿಂದೆ ಬಿಟ್ಟ ಕಾವಲು ಅಷ್ಟು ತಿಂಗಳು ಸುಮ್ಮನೆ ಇರುತ್ತಿತ್ತು. ಈ ‘ಸುಮ್ಮನೆ ಇರುವುದು’ ಇದೆಯಲ್ಲ, ಅದೇ ನಿರ್ವಹಣೆ. ಹುಲ್ಲಿನ ಬೆಳೆಯುವ ಕಣ್ಣು ನೆಲಕ್ಕೆ ಅಂಟಿಕೊಂಡಂತೆ ಬುಡದಲ್ಲಿರುತ್ತದೆ. ಮೇಲಿನ ಗರಿ ತಿಂದರೆ ಅದು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಚಿಗುರಿದ್ದನ್ನು ಚಿಗುರಿದ ಹಾಗೇ ತಿನ್ನುತ್ತಾ ಹೋದರೆ ಬೇರಿನ ಗಂಟು ಕರಗುತ್ತದೆ. ಕೂತು ತಿಂದರೆ ಕೂಡಿಟ್ಟ ಹೊನ್ನೂ ಸಾಲದು ಅಂತಾರಲ್ಲ, ಹಾಗೆ. ತೆನೆ ಕಟ್ಟಿ ಬೀಜ ಉದುರುವಷ್ಟು ದಿನ ಬಿಡುವು ಕೊಟ್ಟರೆ ಬರುವ ವರ್ಷದ್ದು ಅದೇ ನೋಡಿಕೊಳ್ಳುತ್ತದೆ. ಪೂರ್ತಿ ಮೇಯಿಸದೆ ವರ್ಷಗಟ್ಟಲೆ ಬಿಟ್ಟರೂ ಒಳ್ಳೆಯದಲ್ಲ. ಒಣಹುಲ್ಲು ಮೆತ್ತಿಕೊಂಡು ಕೆಳಗಿನ ಚಿಗುರು ಉಸಿರು ಕಟ್ಟುತ್ತದೆ.

ಈ ಏರ್ಪಾಡನ್ನು ಖರ್ಚು ಎಂದು ನೋಡಿದವರು ಆಗಲೂ ಇದ್ದರು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಬ್ರಿಟಿಷ್ ಆಡಳಿತ ಅಮೃತಮಹಲ್ ಹಿಂಡುಗಳನ್ನೇ ಮಾರಿಬಿಟ್ಟಿತು. ಕೆಲವೇ ವರ್ಷಕ್ಕೆ ಒಳ್ಳೆಯ ಎತ್ತು ಸಿಗದೆ ಕೈ ಕಚ್ಚಿಕೊಂಡು 1866ರಲ್ಲಿ ಮತ್ತೆ ಕಟ್ಟಲು ಹೊರಟಿತು. ಆ ಕಾಲಕ್ಕೆ ಲಕ್ಷಗಟ್ಟಲೆ ಎಕರೆ ಇದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಸಣ್ಣ ಪಾಲು. ಉಳಿದದ್ದು ಎಲ್ಲಿ ಹೋಯಿತು ಅಂದರೆ ಒಬ್ಬರ ಕಡೆ ಬೆರಳು ತೋರಿಸಲು ಆಗುವುದಿಲ್ಲ. ಹೆಚ್ಚು ಆಹಾರ ಬೆಳೆಯಿರಿ ಅಂದ ಕಾಲಕ್ಕೆ ಒಂದಿಷ್ಟು, ಭೂಮಿ ಇಲ್ಲದವರಿಗೆ ಹಂಚಿಕೆಯಾಗಿ ಒಂದಿಷ್ಟು, ನೆಡುತೋಪಿಗೆ, ನಿವೇಶನಕ್ಕೆ, ಒತ್ತುವರಿಗೆ ಒಂದಿಷ್ಟು. ನೂರು ಜಾನುವಾರಿಗೆ ಮೂವತ್ತು ಎಕರೆ ಗೋಮಾಳ ಇರಬೇಕು ಎಂದು 1966ರ ಭೂಕಂದಾಯ ನಿಯಮ ಹೇಳುತ್ತದೆ. ಜಾನುವಾರು ಗಣತಿಯಲ್ಲಿ ತಲೆ ಕಡಿಮೆಯಾದರೆ ಗೋಮಾಳವೂ ‘ಹೆಚ್ಚುವರಿ’ ಆಗಿ ಕಾಣುತ್ತದೆ, ನೋಡಿ. ಹುಲ್ಲು ಇಲ್ಲದ್ದಕ್ಕೆ ದನ ಮಾರಿದರು, ದನ ಇಲ್ಲ ಅಂತ ಹುಲ್ಲಿನ ಜಾಗ ಕೊಟ್ಟರು.

ಉಳುತ್ತಿರುವ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಬಗರ್‌ಹುಕುಂ ಅರ್ಜಿ ಹಾಕಿಕೊಂಡವರನ್ನೆಲ್ಲ ಕಳ್ಳರು ಅನ್ನಲು ನಾನು ತಯಾರಿಲ್ಲ. ಅರ್ಧ ಎಕರೆಯೂ ಇಲ್ಲದ ಮನೆಯವನಿಗೆ ಗೋಮಾಳ ಕಂಡಾಗ ಹೊಟ್ಟೆಪಾಡು ಕಾಣುತ್ತದೆ. ಹತ್ತಾರು ಎಕರೆ ಇದ್ದೂ ಬೇಲಿ ಸರಿಸುವವನು ಬೇರೆ. ಸಭೆಗಳಲ್ಲಿ ಈ ಇಬ್ಬರನ್ನೂ ಒಂದೇ ಮಾತಿನಲ್ಲಿ ಬೈಯುತ್ತೇವೆ. ಬೈಸಿಕೊಳ್ಳುವವನು ಯಾವಾಗಲೂ ಮೊದಲನೆಯವನೇ.

ಈಗ ಮರದ ಮೋಹಕ್ಕೆ ಬರೋಣ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ಸುಮಾರು 119 ಚದರ ಕಿಲೊಮೀಟರ್. ಬಯಲಿನಲ್ಲಿ ದೂರಕ್ಕೆ ಕಣ್ಣು ಹಾಯಿಸಿ, ಅಪಾಯ ಕಂಡರೆ ನೆಗೆದು ಓಡುವ ಪ್ರಾಣಿ ಕೃಷ್ಣಮೃಗ. ಅದರ ಮನೆಯಲ್ಲಿ ನಾವು ಬೆಳೆಸಿದ್ದು ನೀಲಗಿರಿ. ಅದೇ ಬಯಲಿನಲ್ಲಿ ಎರೆಭೂತ ಹಕ್ಕಿಯೂ ಇತ್ತು. ಎರ್ಲಡ್ಡು ಅಂತಾರೆ ಕೆಲವು ಕಡೆ. ಒಂದು ಮೀಟರ್ ಎತ್ತರ ನಿಲ್ಲುವ, ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿ. ರಾಣೆಬೆನ್ನೂರಿನಲ್ಲಿ ಅದು ಈಗ ಇಲ್ಲ. ರಾಜ್ಯದಲ್ಲಿ ಉಳಿದಿದ್ದರೆ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು.

ಜನ ಸುಮ್ಮನಿದ್ದರೇ? ಇರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. 1984ರಲ್ಲಿ ಹರಿಹರ ಪಾಲಿಫೈಬರ್ಸ್ ಜತೆ ಸೇರಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ರೇಯಾನ್ ನೂಲಿನ ತಿರುಳಿಗೆ ಬೇಕಾದ ಮರಕ್ಕೆ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ನಡೆಯಿತು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ನಿಂತಿದ್ದ ಚಳವಳಿ. ನೀಲಗಿರಿ ಕಿತ್ತರು, ತಮಗೆ ಬೇಕಾದ ಸಸಿ ಹಚ್ಚಿದರು. ಸುಪ್ರೀಂ ಕೋರ್ಟಿನವರೆಗೂ ಹೋದರು. ಕೊನೆಗೆ ಕಂಪನಿ ಮುಚ್ಚಿತು.

ಈ ಹೋರಾಟಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ನೀಲಗಿರಿ ಬೇಡ ಅಂದಾಗಲೂ ನಾವು ಅದರ ಜಾಗಕ್ಕೆ ತಂದದ್ದು ಇನ್ನೊಂದು ಮರವನ್ನೇ. ಹುಣಸೆ, ಮಾವು, ಹೊಂಗೆ. ಮೇವು ಬೇಕು ಅಂದವರ ದನಿಯೂ ಅಲ್ಲಿತ್ತು, ಆದರೆ ನಮ್ಮ ನೆನಪಿನಲ್ಲಿ ಉಳಿದದ್ದು ‘ಕೆಟ್ಟ ಮರ – ಒಳ್ಳೆ ಮರ’ ಎಂಬ ಜಗಳ ಮಾತ್ರ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಎಂದು ಆದೇಶ ಮಾಡಿತು, ಸಂತೋಷ. ಈಗ ಸಂಘಸಂಸ್ಥೆಗಳವರು ಅದೇ ಬಯಲಿಗೆ ಬೇವು, ಅರಳಿ ತಂದು ನೆಡುತ್ತಾರೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಡೆ, ಬಯಲೇ ಬಯಲಾಗಿರುವ ಕಡೆ. ಅರ್ಧ ಒಣಗುತ್ತದೆ, ಮುಂದಿನ ವರ್ಷ ಅದೇ ಗುಂಡಿಗೆ ಮತ್ತೆ ನೆಡುತ್ತಾರೆ. ಜೆಸಿಬಿಯಲ್ಲಿ ಕಂದಕ ತೋಡುವಾಗ ಎಷ್ಟು ಹುಲ್ಲಿನ ಬುಡ ಕಿತ್ತುಬಂತು ಎಂದು ಎಣಿಸಿದವರನ್ನು ನಾನು ನೋಡಿಲ್ಲ.

ನೆಡುವುದಕ್ಕೆ ಫೋಟೊ ಇದೆ. ಬಿಡುವುದಕ್ಕೆ ಫೋಟೊ ಇಲ್ಲ. “ಈ ವರ್ಷ ಈ ಕಾವಲಿಗೆ ನಾವು ಯಾರೂ ಹೋಗಲಿಲ್ಲ” ಎಂದು ಬ್ಯಾನರ್ ಕಟ್ಟಿ ಮಂತ್ರಿಗಳನ್ನು ಕರೆಯಲು ಆಗುತ್ತದೆಯೇ? ಜನರ ಮನಸ್ಸಿನಲ್ಲಿ ಹುಲ್ಲುಗಾವಲಿನ ಪುನಶ್ಚೇತನ ಹಿಂದೆ ಬಿದ್ದಿರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅಜ್ಞಾನವಲ್ಲ, ಇದು.

ಬಳ್ಳಾರಿ ಜಾಲಿಯ ಕಥೆ ಇನ್ನೂ ತೊಡಕಿನದು. ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಎಂಬ ಹುಲ್ಲುಗಾವಲಿದೆ, ನಮ್ಮ ಬನ್ನಿ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಮಾರು 2,500 ಚದರ ಕಿಲೊಮೀಟರ್. ಪಕ್ಕದ ರಣ್ ಎಂಬ ಉಪ್ಪಿನ ಬಯಲು ಮುಂದೆ ಬರದಂತೆ ತಡೆಯಲು 1961ರಲ್ಲಿ ಅಲ್ಲಿ ಈ ಜಾಲಿಯನ್ನು ತಂದು ಹಚ್ಚಿದರು. ಅಲ್ಲಿನ ದನಗಾಹಿಗಳಾದ ಮಾಲಧಾರಿಗಳು ಅದಕ್ಕೆ ‘ಗಾಂಡೊ ಬಾವಳ್’ ಅಂದರು, ಹುಚ್ಚು ಜಾಲಿ. ಕಾಯಿ ತಿಂದ ದನ ಸೆಗಣಿ ಹಾಕಿದಲ್ಲೆಲ್ಲ ಅದು ಹುಟ್ಟಿತು. ಹುಲ್ಲು ಹಿಂದೆ ಸರಿಯಿತು. ಹಾಗಿದ್ದರೆ ಎಲ್ಲರೂ ಅದನ್ನು ಕೀಳಲು ಒಪ್ಪುತ್ತಾರೆ ಅಂದುಕೊಂಡಿರಾ? ಇಲ್ಲ. ಅಷ್ಟರಲ್ಲಿ ಅದರ ಇದ್ದಿಲು ಸುಟ್ಟು ಬದುಕುವ ಕುಟುಂಬಗಳು ಹುಟ್ಟಿಕೊಂಡಿದ್ದವು. ಎಮ್ಮೆ ಸಾಕುವವನಿಗೆ ಶತ್ರುವಾದದ್ದು ಎಮ್ಮೆ ಇಲ್ಲದವನಿಗೆ ಕೂಲಿ. ನಮ್ಮ ಬಯಲುಸೀಮೆಯಲ್ಲೂ ಹಾಗೇ. ಬಳ್ಳಾರಿ ಜಾಲಿಯನ್ನು ಕಾಲಿಗೆ ಮುಳ್ಳು ಚುಚ್ಚಿದಾಗಲೆಲ್ಲ ಬೈಯುತ್ತೇವೆ, ಒಲೆಗೆ ಸೌದೆ ಬೇಕಾದಾಗ ಕೊಡಲಿ ಹಿಡಿದು ಅಲ್ಲಿಗೇ ಹೋಗುತ್ತೇವೆ. ಸೌದೆಗೆ ಬದಲಿ ದಾರಿ ತೋರಿಸದೆ ಕಿತ್ತುಹಾಕಿ ಎಂದರೆ ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ.

ಚಳ್ಳಕೆರೆಯ ವಿಷಯ ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ವರವು ಕಾವಲು, ಉಳ್ಳಾರ್ತಿ, ಖುದಾಪುರದ ಸುತ್ತ ಸುಮಾರು 10,000 ಎಕರೆ ಕೆಲವೇ ವರ್ಷಗಳಲ್ಲಿ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಮೊದಲಾದವಕ್ಕೆ ಹೋಯಿತು. ಗೋಡೆ ಎದ್ದಿತು. ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. ದೇಶಕ್ಕೆ ವಿಜ್ಞಾನ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಆ ದಿನಗಳಲ್ಲಿ ಬೆಂಗಳೂರಿನ ವಿದ್ಯಾವಂತ ಗೆಳೆಯರು ನನಗೆ ಹೇಳುತ್ತಿದ್ದ ಮಾತು ಒಂದೇ: “ಅಲ್ಲಿ ಏನಿತ್ತು ಬಿಡಿ, ಬರೀ ಬಯಲು ತಾನೇ.” ಆ ಬರೀ ಬಯಲಿನಲ್ಲಿ ಕುರಿ ಮೇಯುತ್ತಿದ್ದವು, ಆ ಕುರಿಯ ಉಣ್ಣೆಯಲ್ಲಿ ಕಂಬಳಿ ಆಗುತ್ತಿತ್ತು. ಆ ಸೀಮೆಯಲ್ಲಿ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳಿವೆ, ಕಿಲಾರಿಗಳು ಕಾಯುತ್ತಾರೆ. ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಗೋಶಾಲೆಯ ಮೇವಿನ ಲಾರಿಗೆ ಕಾಯುವ ಸ್ಥಿತಿ ಬಂದಾಗ ಅದು ಬರೀ ಮೇವಿನ ಪ್ರಶ್ನೆ ಆಗಿರುವುದಿಲ್ಲ.

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಒಂದೇ ಮಾತು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ರೈತರದ್ದೇ, ಗುತ್ತಿಗೆ ಹಣ ಬರುತ್ತದೆ, ಬರದ ನಾಡಿನಲ್ಲಿ ಅದು ದೊಡ್ಡ ಆಸರೆ. ಆದರೆ ಬೆಳೆ ಕೊಯ್ದ ಮೇಲೆ ಆ ಹೊಲಗಳಲ್ಲಿ ಕುರಿ ಬಿಡುತ್ತಿದ್ದವರಿಗೆ ಪಹಣಿ ಇರಲಿಲ್ಲ. ಪಹಣಿ ಇಲ್ಲದವರಿಗೆ ಗುತ್ತಿಗೆ ಹಣವೂ ಇಲ್ಲ.

ಹಾಗಾದರೆ ಹುಲ್ಲುಗಾವಲು ಪ್ರೀತಿಸುವವರೇ ಇಲ್ಲವೇ? ಇದ್ದಾರೆ, ಈಚೆಗೆ ಹೆಚ್ಚುತ್ತಿದ್ದಾರೆ. ಕ್ಯಾಮೆರಾ ಹಿಡಿದು ಬರುವ ನಗರದ ಹುಡುಗ ಹುಡುಗಿಯರು. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಮೀಸಲು ಮಾಡುವ ಪ್ರಸ್ತಾಪವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿದಾಗ ಗಲಾಟೆ ಎಬ್ಬಿಸಿದವರು, ಹೈಕೋರ್ಟಿಗೆ ಹೋದವರು ಇಂಥವರೇ. ಅವರಿಲ್ಲದಿದ್ದರೆ ಅದು ಎಂದೋ ಮುಗಿದ ಕಥೆ. ಆದರೆ ಅವರಲ್ಲೂ ಒಂದು ಕುರುಡು ಇದೆ. ಫೋಟೊದ ಚೌಕಟ್ಟಿನೊಳಗೆ ಕುರಿ ಬಂದರೆ ಬೇಸರ. ತೋಳ ಬೇಕು, ಕುರಿ ಬೇಡ. ನಮ್ಮ ಬಯಲಿನ ತೋಳ ಬದುಕಿರುವುದೇ ಹೆಚ್ಚುಕಡಿಮೆ ಕುರಿಯ ಹಿಂಡಿನ ಅಂಚಿನಲ್ಲಿ. ಹಿಂಡಿನಿಂದ ಒಂದು ಮರಿ ಹೋದರೂ ಗದರಿಸಿಕೊಂಡು ಬಾಳಿದ ಕುರುಬರು ಇದ್ದದ್ದರಿಂದಲೇ ಅದು ಉಳಿದಿದೆ.

ಎದುರು ಬದಿಯಲ್ಲಿ ಕುರಿಗಾರರ ಭಯವೂ ಸುಳ್ಳಲ್ಲ. ‘ಮೀಸಲು’ ಎಂಬ ಪದ ಕಿವಿಗೆ ಬಿದ್ದರೆ ಗಾರ್ಡು, ದಂಡ, ಕೇಸು ನೆನಪಾಗುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಿತ ಮೀಸಲು ಆಯಿತು, ಏಳು ಚದರ ಕಿಲೊಮೀಟರಿಗೆ ಸ್ವಲ್ಪ ಹೆಚ್ಚು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು 2007ರಿಂದಲೇ ಇದೆ. ಕಾನೂನಿನಲ್ಲಿ ಈ ಬಗೆಯ ಮೀಸಲು ಅಭಯಾರಣ್ಯದಂತಲ್ಲ. ಸುತ್ತಲಿನ ಜನರ ಜೊತೆ ಮಾತಾಡಿಯೇ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯವರು ಇರಬೇಕು. ಬರೆದಿರುವುದು ಒಳ್ಳೆಯದೇ. ಹಟ್ಟಿಗೆ ಹೋಗಿ ಕನ್ನಡದಲ್ಲಿ ಯಾರಾದರೂ ಇದನ್ನು ಓದಿ ಹೇಳಿದ್ದಾರೆಯೇ? ಇಲ್ಲಿ ಕೈ ಎತ್ತಿ ನೋಡೋಣ... ಒಬ್ಬರೂ ಇಲ್ಲ.

ನನ್ನ ಮಾತು ಸಾಕು, ಪ್ರಶ್ನೆ ಕೇಳಿ.

*

ಎರಡನೇ ವರ್ಷದ ವಿದ್ಯಾರ್ಥಿನಿ ಕೇಳಿದಳು: “ಸರ್, ಮರ ನೆಟ್ಟರೆ ಇಂಗಾಲ ಹೀರುತ್ತೆ ಅಂತ ಓದಿದ್ದೀವಿ. ಹುಲ್ಲಿನಿಂದ ಏನು ಪ್ರಯೋಜನ?”

ನಾನಂದೆ: ಒಳ್ಳೇ ಪ್ರಶ್ನೆ ಕಣಮ್ಮ. ಮರ ತನ್ನ ಗಂಟನ್ನು ಹೆಚ್ಚಾಗಿ ನೆಲದ ಮೇಲೆ ಇಟ್ಟಿರುತ್ತದೆ, ಹುಲ್ಲು ನೆಲದೊಳಗೆ, ಬೇರಿನಲ್ಲಿ, ಮಣ್ಣಿನಲ್ಲಿ. ಬೆಂಕಿ ಬಿದ್ದರೆ ಮರದ್ದು ಹೊಗೆಯಾಗಿ ಹೋಗುತ್ತದೆ, ಹುಲ್ಲಿನದ್ದು ಬಹುಪಾಲು ಉಳಿಯುತ್ತದೆ. ಮಣ್ಣು ಹಿಡಿಯುವುದು, ಮಳೆನೀರು ಇಂಗಿಸುವುದು ಬೇರೆ. ಮಲೆನಾಡಿಗೆ ಹೋಗಿ ಕಾಡು ಕಡಿದು ಹುಲ್ಲು ಬೆಳೆಸಿ ಅನ್ನುತ್ತಿಲ್ಲ ನಾನು. ಕಾಡಿಗೆ ಕಾಡು, ಬಯಲಿಗೆ ಬಯಲು.

ಒಬ್ಬ ಶಿಕ್ಷಕರು: “ನಮ್ಮ ಎನ್ನೆಸ್ಸೆಸ್‌ಗೆ ಗೋಮಾಳದಲ್ಲಿ ಸಾವಿರ ಗಿಡದ ಗುರಿ ಕೊಟ್ಟಿದ್ದಾರೆ. ಏನು ಮಾಡೋಣ ಹೇಳಿ.”

ಗಿಡಗಳನ್ನು ಊರೊಳಗೆ, ಶಾಲೆ, ರಸ್ತೆಬದಿ, ಕೆರೆ ಏರಿಯ ಹಿಂದೆ ನೆಡಿ ಸಾರ್, ನೆರಳು ಅಲ್ಲಿ ಬೇಕು. ಗೋಮಾಳಕ್ಕೆ ಹುಡುಗರನ್ನು ಕರೆದುಕೊಂಡು ಹೋಗಿ ಬಳ್ಳಾರಿ ಜಾಲಿಯ ಎಳೆ ಸಸಿಗಳನ್ನು ಬುಡಸಮೇತ ಕೀಳಿಸಿ. ಒಂದು ಮೂಲೆಯಲ್ಲಿ ನಾಲ್ಕು ಎಕರೆಗೆ ಊರವರ ಒಪ್ಪಿಗೆ ಕೇಳಿ ಒಂದು ಮಳೆಗಾಲ ಮುಚ್ಚಿ. ದೀಪಾವಳಿ ಹೊತ್ತಿಗೆ ಹೋಗಿ ಯಾವ ಯಾವ ಹುಲ್ಲು ಬಂದಿದೆ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಇಲ್ಲಿ ಹಿಂದೆ ಕೂತಿದ್ದಾರಲ್ಲ, ಅವರನ್ನು ಕೇಳಿ.

ಹಿಂದೆ ಕೂತಿದ್ದ ಹಿರಿಯ ಕುರಿಗಾರರು ಆಗ ಎದ್ದು ನಿಂತರು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಅಂದರು: “ಸ್ವಾಮಿ, ನೀವು ಹೇಳಿದ್ದೆಲ್ಲ ಸರಿ. ದೀಪಾವಳಿಗೆ ತೆಗೀಬ್ಯಾಡಿ. ಕರಡದ ಹುಲ್ಲು ಆಗಿನ್ನೂ ಬೀಜ ಉದುರ್ಸಿರಲ್ಲ. ಅದು ಮುಳ್ಳಿನಂಗೆ ಕುರಿ ಉಣ್ಣೇಲಿ ಸಿಕ್ಕೊಂಡು ಚರ್ಮಕ್ಕೆ ಇಳೀತದೆ. ಅಮಾಸೆ ಕಳ್ದು ಇನ್ನೊಂದ್ ತಿಂಗ್ಳು ಬಿಡ್ರಿ.”

ಅವರ ಪಕ್ಕದಲ್ಲಿದ್ದವರು ಒಪ್ಪಲಿಲ್ಲ. “ಅಣ್ಣ, ಅಷ್ಟೊತ್ಗೆ ಒಣಗಿ ಕಡ್ಡಿ ಆಗಿರ್ತದಲ್ಲೋ, ತಿನ್ನೋದೇನು? ಹಿಂಗಾರು ನೋಡ್ಕೊಂಡು ಬಿಡ್ಬೇಕು.” ಮೂರನೆಯವರು ಯಾವುದೋ ವರ್ಷದ ಸ್ವಾತಿ ಮಳೆಯ ನೆನಪು ತೆಗೆದರು. ಶಿಕ್ಷಕರು ಕುರ್ಚಿ ತಿರುಗಿಸಿಕೊಂಡು ಅವರ ಕಡೆ ಕೂತರು, ಆ ಹುಡುಗಿ ನೋಟ್‌ಬುಕ್ ತೆಗೆದಳು. ಮೈಕ್ ನನ್ನ ಕೈಯಲ್ಲೇ ಇತ್ತು, ಆಫ್ ಮಾಡಿ ಮೇಜಿನ ಮೇಲಿಟ್ಟೆ.